ಎಮ್ಮೆಗೆ ಬರೆ ಹಾಕುವ ಮುನ್ನ: ಪೋರ್ಟ್ ನಿಜಕ್ಕೂ ಕೆಟ್ಟಿದೆಯೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಕೆಲಸದಲ್ಲಿ ಆ ಎಮ್ಮೆ ಎಂದರೆ ನೆಟ್‌ವರ್ಕ್ ಸ್ವಿಚ್‌ನ, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯ ಪೋರ್ಟ್, ಕೇಬಲ್ ಚುಚ್ಚುವ ತೂತು. ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತಿದೆ ಅಂತ ದೂರು ಬರುತ್ತದೆ. ಹೋಗಿ ಕೇಬಲ್ ಕಿತ್ತು ಪಕ್ಕದ ಪೋರ್ಟ್‌ಗೆ ಚುಚ್ಚುತ್ತೇವೆ, ಸರಿಹೋಗುತ್ತದೆ. ಹಳೆಯ ಪೋರ್ಟ್ ಮೇಲೆ ಟೇಪ್ ಅಂಟಿಸಿ ಬರುತ್ತೇವೆ. ಸ್ವಿಚ್‌ಗಳನ್ನು ಇಡುವ ಯಾವುದಾದರೂ ಹಳೆಯ ರ್ಯಾಕ್ ತೆರೆದು ನೋಡಿ, ಒಂದೆರಡು ಪೋರ್ಟ್‌ಗಾದರೂ ಟೇಪ್ ಇದ್ದೇ ಇರುತ್ತದೆ. ಯಾರು ಅಂಟಿಸಿದ್ದು, ಯಾಕೆ ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನೂ ಅಂಟಿಸಿದವನೇ. ಒಂದು ಕಡೆ 17ನೇ ಪೋರ್ಟ್ ಕೈಕೊಡುತ್ತಿದೆ ಅಂತ ಕೇಬಲನ್ನು 18ಕ್ಕೆ ಹಾಕಿದೆ. ಹತ್ತು ನಿಮಿಷ ನಿಂತು ನೋಡಿದೆ, ಡೇಟಾದ ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ. 17ಕ್ಕೆ ಟೇಪ್. ಮಾರನೆಯ ವಾರ ಅದೇ ಕಂಪ್ಯೂಟರಿನಿಂದ ಅದೇ ದೂರು. 18ಕ್ಕೂ ಟೇಪ್ ಬಿತ್ತು, ಕೇಬಲ್ 19ಕ್ಕೆ ಹೋಯಿತು. ಮೂರನೆಯ ಸಲ ಹೋದಾಗ ನನಗೇ ನಾಚಿಕೆಯಾಗಿ ಕೇಬಲ್ ಹಿಡಿದುಕೊಂಡು ಬೆರಳಾಡಿಸುತ್ತಾ ಹೋದೆ. ರ್ಯಾಕ್‌ನ ಬಾಗಿಲು ಮುಚ್ಚಿದಾಗ ಅದರ ಅಂಚು ಆ ಕೇಬಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತಿತ್ತು. ಬಾಗಿಲು ತೆರೆದರೆ ಬಿಡುತ್ತಿತ್ತು. ನಾನು ಪರೀಕ್ಷೆ ಮಾಡುವಾಗ ಬಾಗಿಲು ತೆರೆದೇ ಇರುತ್ತಿತ್ತಲ್ಲ! ಅದಕ್ಕೇ ನಾನಿದ್ದಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಓಡುತ್ತಿತ್ತು.

ಆಮೇಲಿನಿಂದ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಬೇರೆ ಪೋರ್ಟ್‌ನಲ್ಲಿ ಸರಿಹೋಯಿತು ಅನ್ನುವುದು ಅರ್ಧ ಸಾಕ್ಷಿ. ಹಳೆಯ ಪೋರ್ಟ್‌ಗೆ ಮರಳಿ ಹಾಕಿದಾಗ ತೊಂದರೆಯೂ ಮರಳಬೇಕು. ಅದೂ ಬೇರೆ ಕೇಬಲ್ಲು, ಬೇರೆ ಯಂತ್ರ ಹಾಕಿದಾಗಲೂ ಮರಳಬೇಕು. ಅಲ್ಲಿಯತನಕ ಆ ಪೋರ್ಟ್ ಮೇಲೆ ಇರುವುದು ಅನುಮಾನ ಅಷ್ಟೇ.

ಪೋರ್ಟ್ ಅಂತ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಒಳಗೆ ನಾಲ್ಕೈದು ವಸ್ತುಗಳಿವೆ. ಹೊರಗೆ ಕಾಣುವ ತೂತಿನಲ್ಲಿ ಎಂಟು ಸ್ಪ್ರಿಂಗ್ ಪಿನ್‌ಗಳು. ಅದರ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು. ಕೇಬಲ್ಲಿಗೂ ಸರ್ಕ್ಯೂಟಿಗೂ ನೇರ ವಿದ್ಯುತ್ ಸಂಪರ್ಕ ಇಲ್ಲದಂತೆ ಅವು ಕಾಯುತ್ತವೆ. ಅದರ ಹಿಂದೆ ತಂತಿಯ ಸಿಗ್ನಲನ್ನು ಬಿಟ್‌ಗಳಾಗಿ ಬದಲಿಸುವ ಚಿಪ್, ಅದನ್ನು ಫೈ ಅನ್ನುತ್ತಾರೆ. ಬಹಳಷ್ಟು ಸ್ವಿಚ್‌ಗಳಲ್ಲಿ ನಾಲ್ಕು ಅಥವಾ ಎಂಟು ಪೋರ್ಟ್‌ಗಳಿಗೆ ಸೇರಿ ಇಂಥ ಒಂದೇ ಚಿಪ್ ಇರುತ್ತದೆ. ಅದಕ್ಕೂ ಹಿಂದೆ ಫ್ರೇಮ್‌ಗಳನ್ನು, ಅಂದರೆ ಡೇಟಾದ ಕಟ್ಟುಗಳನ್ನು, ಅತ್ತಿತ್ತ ಕಳಿಸುವ ಮುಖ್ಯ ಚಿಪ್. ಇವೆಲ್ಲದರ ಮೇಲೆ ನಾವೇ ಬರೆದಿಟ್ಟ ಕಾನ್ಫಿಗರೇಶನ್, ಅಂದರೆ ಸೆಟ್ಟಿಂಗ್‌ಗಳು. ಎಷ್ಟೋ ಸಲ ಪೋರ್ಟ್ ಸತ್ತಿದೆ ಅಂತ ನಾವು ಅಳುವುದು ಆ ಕಾನ್ಫಿಗರೇಶನ್ ನೋಡದೆ.

ಆ ಕತೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಅಪರಿಚಿತ ಯಂತ್ರ ಬಂದು ಪೋರ್ಟ್ ಸೆಕ್ಯುರಿಟಿ ನಿಯಮ ಮುರಿದರೆ, ಡೇಟಾ ಸುತ್ತು ಹೊಡೆಯುವ ಲೂಪ್ ಕಂಡರೆ, ಲೂಪ್ ತಡೆಯಲು ಸ್ವಿಚ್‌ಗಳು ಆಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ ಸಂದೇಶ ಬರಬಾರದ ಕಡೆಯಿಂದ ಬಂದರೆ ಸ್ವಿಚ್ ತಾನೇ ಪೋರ್ಟನ್ನು ಮುಚ್ಚಿಬಿಡಬಹುದು. ಸಿಸ್ಕೋ ಸ್ವಿಚ್‌ಗಳಲ್ಲಿ ಆಗ ಎರರ್ ಡಿಸೇಬಲ್ಡ್ ಅಂತ ತೋರಿಸುತ್ತದೆ. ಹೊರಗಿನಿಂದ ನೋಡಿದರೆ ಸತ್ತ ಪೋರ್ಟ್‌ಗೂ ಇದಕ್ಕೂ ವ್ಯತ್ಯಾಸ ಸುಲಭಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು, ಹಳೆಯ ರೀತಿಯ ಸ್ಪ್ಯಾನಿಂಗ್ ಟ್ರೀ ಇದ್ದಲ್ಲಿ ಕೇಬಲ್ ಚುಚ್ಚಿದ ಮೇಲೆ ಆಲಿಸುವುದಕ್ಕೆ 15 ಸೆಕೆಂಡು, ಕಲಿಯುವುದಕ್ಕೆ 15 ಸೆಕೆಂಡು, ಒಟ್ಟು ಅರ್ಧ ನಿಮಿಷ ಪೋರ್ಟ್ ಏನನ್ನೂ ದಾಟಿಸುವುದಿಲ್ಲ. ನಾವೋ, ಹತ್ತು ಸೆಕೆಂಡು ನೋಡಿ ಕಿತ್ತು ಪಕ್ಕದ್ದಕ್ಕೆ ಹಾಕುವವರು. ಅಲ್ಲಿ ಅಷ್ಟರಲ್ಲಿ ಫೋನ್ ಬರುತ್ತದೆ, ಮಾತಾಡಿ ಮುಗಿಸುವ ಹೊತ್ತಿಗೆ ನೆಟ್‌ವರ್ಕ್ ಬಂದಿರುತ್ತದೆ. ಬಡಪಾಯಿ ಮೊದಲನೆಯ ಪೋರ್ಟ್‌ಗೆ ಟೇಪ್.

ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್‌ಗಳಾಗಿ ಹಂಚುವ ವೀಲ್ಯಾನ್‌ದೂ ಇದೇ ಪಾಡು. ಅನುಮಾನದ ಪೋರ್ಟ್ ಒಂದು ವೀಲ್ಯಾನ್‌ನಲ್ಲಿ, ನೀವು ಬದಲಿಸಿದ ಪೋರ್ಟ್ ಇನ್ನೊಂದರಲ್ಲಿ ಇದ್ದರೆ ಆ ಪರೀಕ್ಷೆಯಿಂದ ಹಾರ್ಡ್‌ವೇರ್ ಬಗ್ಗೆ ಏನೂ ತಿಳಿಯುವುದಿಲ್ಲ. ಎರಡೂ ಪೋರ್ಟ್‌ಗಳ ಕಾನ್ಫಿಗರೇಶನ್ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ, ಒಂದೇ ಮಾಡಿಕೊಂಡು ಆಮೇಲೆ ಕೇಬಲ್ ಮುಟ್ಟಿ.

ಮುಟ್ಟುವ ಮೊದಲು ಇನ್ನೊಂದು ಕೆಲಸ ಇದೆ. ಇದ್ದದ್ದನ್ನು ಇದ್ದಹಾಗೇ ಬರೆದುಕೊಳ್ಳುವುದು. ಲಿಂಕ್ ಯಾವ ವೇಗದಲ್ಲಿದೆ, ಡ್ಯುಪ್ಲೆಕ್ಸ್ ಏನು (ಫುಲ್ ಅಂದರೆ ಎರಡೂ ಕಡೆ ಒಟ್ಟಿಗೇ ಮಾತು, ಹಾಫ್ ಅಂದರೆ ಸರದಿಯ ಮೇಲೆ), ದೋಷದ ಕೌಂಟರ್‌ಗಳು ಎಷ್ಟಿವೆ, ಲಾಗ್‌ನಲ್ಲಿ ಲಿಂಕ್ ಬಿದ್ದೆದ್ದ ಸಮಯಗಳೇನು. ಸ್ವಿಚ್ ರೀಬೂಟ್ ಮಾಡಿದರೆ ಕೌಂಟರ್ ಸೊನ್ನೆಯಾಗುತ್ತದೆ, ಎಷ್ಟೋ ಸ್ವಿಚ್‌ಗಳಲ್ಲಿ ಲಾಗ್ ಕೂಡ ಅಳಿಸಿಹೋಗುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ. ರೀಬೂಟ್‌ಗೂ ಒಂದು ಸಮಯವಿದೆ, ಅದು ಕೊನೆಯಲ್ಲಿ.

ಇನ್ನು ಕಣ್ಣಿನ ಪರೀಕ್ಷೆ. ಫೋನಿನ ಟಾರ್ಚ್ ಸಾಕು. ಕೇಬಲ್ ತೆಗೆದು ತೂತಿನೊಳಗೆ ಬೆಳಕು ಬಿಡಿ. ಎಂಟು ತೆಳುವಾದ ಬಂಗಾರದ ಬಣ್ಣದ ತಂತಿಗಳು ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಎತ್ತರದಲ್ಲಿ, ಒಂದೇ ಓರೆಯಲ್ಲಿ ನಿಂತಿರಬೇಕು. ಪಕ್ಕದ ಪೋರ್ಟ್‌ಗೂ ಬೆಳಕು ಬಿಟ್ಟು ಹೋಲಿಸಿ. ಒಂದು ಹಲ್ಲು ತಗ್ಗಿದ್ದರೆ, ಪಕ್ಕಕ್ಕೆ ಹಾರಿ ಇನ್ನೊಂದರ ಮೇಲೆ ಒರಗಿದ್ದರೆ ನಿಮಗೆ ಉತ್ತರ ಸಿಕ್ಕಂತೆಯೇ. ಹೀಗಾಗುವುದಕ್ಕೆ ಒಂದು ಸಾಮಾನ್ಯ ಕಾರಣ ಟೆಲಿಫೋನಿನ ಸಣ್ಣ ಪ್ಲಗ್. ಅದು ಈ ತೂತಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಅದರ ಎರಡು ಅಂಚಿನಲ್ಲಿ ಪಿನ್‌ಗೆ ಜಾಗ ಕೊಡುವ ಗೀರು ಇರುವುದಿಲ್ಲ. ಹಾಗಾಗಿ ನಮ್ಮ 1ನೇ ಮತ್ತು 8ನೇ ಪಿನ್‌ಗಳನ್ನು ಅದರ ಪ್ಲಾಸ್ಟಿಕ್ ಅಮುಕಿ ಹಿಡಿಯುತ್ತದೆ. ಬಹಳ ದಿನ ಹಾಗೇ ಇದ್ದರೆ ಆ ಪಿನ್‌ಗಳು ಮತ್ತೆ ಪೂರ್ತಿ ಮೇಲೇಳುವುದಿಲ್ಲ.

ಒಮ್ಮೆ ನನಗೆ ಸಿಕ್ಕ ಪೋರ್ಟ್‌ನಲ್ಲಿ 8ನೇ ಪಿನ್ ಹೀಗೇ ಮಲಗಿತ್ತು. ಆಶ್ಚರ್ಯವೆಂದರೆ ಪೋರ್ಟ್ ಕೆಲಸ ಮಾಡುತ್ತಲೇ ಇತ್ತು, ಬರೀ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ. ಇದು ಏಕೆ ಅನ್ನುವುದು ಮುಖ್ಯ, ಸ್ವಲ್ಪ ನಿಂತು ನೋಡೋಣ. 1995ರಲ್ಲಿ ಬಂದ 100 ಮೆಗಾಬಿಟ್ ಈಥರ್ನೆಟ್‌ಗೆ ಎರಡೇ ಜೋಡಿ ತಂತಿ ಸಾಕು, ಪಿನ್ 1-2 ಮತ್ತು 3-6. 1999ರಲ್ಲಿ ತಾಮ್ರದ ಮೇಲೆ ಬಂದ ಗಿಗಾಬಿಟ್‌ಗೆ, ಅಂದರೆ 1000 ಮೆಗಾಬಿಟ್‌ಗೆ, ನಾಲ್ಕೂ ಜೋಡಿ ಬೇಕು, 4-5 ಮತ್ತು 7-8 ಕೂಡ. ಆದರೆ ನಾವು ಯಾವ ವೇಗದಲ್ಲಿ ಮಾತಾಡೋಣ ಅಂತ ಎರಡು ತುದಿಗಳು ಮಾಡಿಕೊಳ್ಳುವ ಮೊದಲ ಒಪ್ಪಂದವಿದೆಯಲ್ಲ, ಅದು ನಡೆಯುವುದು ಹಳೆಯ ಎರಡು ಜೋಡಿಯ ಮೇಲೆಯೇ. ಹಾಗಾಗಿ 8ನೇ ಪಿನ್ ಇಲ್ಲದಿದ್ದರೂ ಇಬ್ಬರೂ ಗಿಗಾಬಿಟ್‌ಗೆ ಹೂಂ ಅನ್ನುತ್ತಾರೆ. ಆಮೇಲೆ ನಾಲ್ಕು ಜೋಡಿಯಲ್ಲಿ ಹೊರಡೋಣ ಅಂದರೆ ಒಂದು ಜೋಡಿ ಕಾಣೆ. ಕೆಲವು ಚಿಪ್‌ಗಳು ಒಂದೆರಡು ಸಲ ಯತ್ನಿಸಿ ತಾವೇ 100ಕ್ಕೆ ಇಳಿಯುತ್ತವೆ. ಕೆಲವಕ್ಕೆ ಆ ಬುದ್ಧಿ ಇಲ್ಲ, ಲಿಂಕ್ ಏಳುವುದೇ ಇಲ್ಲ, ಪ್ರಯತ್ನ ಮಾತ್ರ ನಡೆಯುತ್ತಲೇ ಇರುತ್ತದೆ.

ಹಾಗಾಗಿ ಗಿಗಾಬಿಟ್ ಆಗಬೇಕಾದ ಪೋರ್ಟ್ 100ರಲ್ಲಿ ನಿಂತಿದೆ ಅಂದರೆ ಒಂದು ಜೋಡಿ ಎಲ್ಲೋ ತುಂಡಾಗಿದೆ ಅಂತ ಮೊದಲ ಊಹೆ. ಆ ತುಂಡು ಕೇಬಲ್ಲಿನಲ್ಲಿರಬಹುದು, ಗೋಡೆಯ ಔಟ್‌ಲೆಟ್‌ನಲ್ಲಿರಬಹುದು, ಪ್ಲಗ್ ಹಾಕುವಾಗ ಸರಿಯಾಗಿ ಕ್ರಿಂಪ್ ಆಗದ ಒಂದು ತಂತಿಯಲ್ಲಿರಬಹುದು. ಪೋರ್ಟ್ ಈ ಸಾಲಿನಲ್ಲಿ ಕೊನೆಯಲ್ಲಿ ನಿಲ್ಲುತ್ತದೆ. ಹಾಂ, ಎದುರಿನ ಯಂತ್ರಕ್ಕೆ ಗಿಗಾಬಿಟ್ ಇದೆಯೇ ಅಂತ ನೋಡಿಕೊಳ್ಳಿ. 100ಕ್ಕಷ್ಟೇ ಮಾಡಿದ ಪ್ರಿಂಟರ್‌ಗೆ ಗಿಗಾಬಿಟ್ ಬರಲಿಲ್ಲ ಅಂತ ಪೋರ್ಟ್ ಬೈದವರನ್ನೂ ನೋಡಿದ್ದೇನೆ.

ಈಗ ಕೌಂಟರ್‌ಗಳ ವಿಚಾರ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವಾಳ ಇಲ್ಲಿದೆ. ಕಳಿಸುವವರು ಪ್ರತಿ ಫ್ರೇಮಿನ ಬಾಲಕ್ಕೆ 32 ಬಿಟ್‌ನ ಒಂದು ಲೆಕ್ಕ ಸೇರಿಸಿ ಕಳಿಸುತ್ತಾರೆ, ಅದೇ ಸಿಆರ್‌ಸಿ. ಪಡೆಯುವವರು ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತಾರೆ, ತಾಳೆಯಾಗದಿದ್ದರೆ ಫ್ರೇಮ್ ಎಸೆದು ಕೌಂಟರ್‌ಗೆ ಒಂದು ಸೇರಿಸುತ್ತಾರೆ. ಗಮನಿಸಿ, ಈ ಎಣಿಕೆ ನಡೆಯುವುದು ಪಡೆಯುವ ಕಡೆ. ಹಾಗಾಗಿ ಸ್ವಿಚ್ ಪೋರ್ಟ್‌ನಲ್ಲಿ ಸಿಆರ್‌ಸಿ ದೋಷ ಕಂಡರೆ ಒಳಗೆ ಬರುತ್ತಿರುವ ದಾರಿಯಲ್ಲಿ ಕೆಡುಕಿದೆ ಅಂತ ಅರ್ಥ. ಎದುರಿನ ಯಂತ್ರದ ಕಳಿಸುವ ಭಾಗ, ಕೇಬಲ್, ಅಥವಾ ನಮ್ಮ ಪೋರ್ಟ್‌ನ ಪಡೆಯುವ ಭಾಗ. ನಮ್ಮ ಪೋರ್ಟ್‌ನ ಕಳಿಸುವ ಭಾಗ ಕೆಟ್ಟಿದ್ದರೆ? ಸ್ವಿಚ್‌ನಲ್ಲಿ ಎಲ್ಲ ಸೊನ್ನೆ, ಶುದ್ಧ ಸೊನ್ನೆ! ದೋಷ ಏರುತ್ತಿರುವುದು ಆ ತುದಿಯ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್‌ನಲ್ಲಿ. ಸ್ವಿಚ್‌ನಲ್ಲಿ ದೋಷ ಇಲ್ಲ, ಪೋರ್ಟ್ ಸರಿಯಾಗಿದೆ ಅಂತ ಷರಾ ಬರೆದು ಫೈಲ್ ಮುಚ್ಚುವವರು ಅರ್ಧವನ್ನೇ ನೋಡಿರುತ್ತಾರೆ. ಎರಡೂ ತುದಿ ಓದಲೇಬೇಕು. ಲಿನಕ್ಸ್ ಯಂತ್ರವಾದರೆ ಇಥ್‌ಟೂಲ್ ಅನ್ನುವ ಆಜ್ಞೆ ಈ ಅಂಕಿಗಳನ್ನು ಕೊಡುತ್ತದೆ.

ಒಟ್ಟು ಮೊತ್ತ ನೋಡಿ ಹೆದರಬೇಡಿ. ಕೌಂಟರ್‌ನಲ್ಲಿ 4,800 ದೋಷ ಇದೆ ಅಂದುಕೊಳ್ಳಿ. ಅದು ಎರಡು ವರ್ಷದ ಹಿಂದೆ ಒಂದೇ ಮಧ್ಯಾಹ್ನ ಯಾರೋ ಕೆಟ್ಟ ಕೇಬಲ್ ಹಾಕಿದಾಗ ಬಂದದ್ದಿರಬಹುದು. ಬರೆದುಕೊಂಡು ಸೊನ್ನೆ ಮಾಡಿ, ಹತ್ತು ನಿಮಿಷ ಸಂಚಾರ ಓಡಿಸಿ, ಮತ್ತೆ ಓದಿ. ಏರುತ್ತಿದೆಯೇ, ಎಷ್ಟು ವೇಗವಾಗಿ ಏರುತ್ತಿದೆ ಅನ್ನುವುದೇ ಪ್ರಶ್ನೆ. ಮಾನದಂಡದ ಪ್ರಕಾರ ಗಿಗಾಬಿಟ್ ತಾಮ್ರಕ್ಕೆ ಸಾವಿರ ಕೋಟಿ ಬಿಟ್‌ಗೆ ಒಂದು ತಪ್ಪು ಕ್ಷಮ್ಯ, ಅಂದರೆ ಪೂರ್ತಿ ವೇಗದಲ್ಲಿ ಓಡಿದರೆ ಹತ್ತು ಸೆಕೆಂಡಿಗೆ ಒಂದು. ಆದರೆ ಆರೋಗ್ಯವಾಗಿರುವ ಗಿಡ್ಡ ಕೇಬಲ್ಲಿನಲ್ಲಿ ದಿನವಿಡೀ ಓಡಿದರೂ ಸೊನ್ನೆ ಕದಲುವುದಿಲ್ಲ. ಪಕ್ಕದ ಪೋರ್ಟ್‌ಗಳ ಅಂಕಿಯೇ ನಿಮಗೆ ಅಳತೆಗೋಲು.

ಒಂದು ತುದಿಯಲ್ಲಿ ಸಿಆರ್‌ಸಿ, ಇನ್ನೊಂದು ತುದಿಯಲ್ಲಿ ಲೇಟ್ ಕೊಲಿಷನ್ (ತಡವಾಗಿ ಆದ ಡಿಕ್ಕಿ) ಅನ್ನುವ ಸಾಲಿನ ಅಂಕಿ ಏರುತ್ತಿದ್ದರೆ ಕಾನ್ಫಿಗರೇಶನ್‌ಗೆ ವಾಪಸ್ ಹೋಗಿ. ಒಂದು ಕಡೆ ಯಾರೋ 100 ಫುಲ್ ಡ್ಯುಪ್ಲೆಕ್ಸ್ ಅಂತ ಕೈಯಾರೆ ಬಿಗಿದಿದ್ದಾರೆ, ಇನ್ನೊಂದು ಕಡೆ ಆಟೋ, ಅಂದರೆ ಎದುರಿನವರ ಜೊತೆ ತಾನೇ ಒಪ್ಪಂದ ಮಾಡಿಕೊಳ್ಳುವ ಸೆಟ್ಟಿಂಗ್ ಇದೆ. ಆಟೋ ಇರುವವರಿಗೆ ಎದುರಿನಿಂದ ಉತ್ತರ ಬರುವುದಿಲ್ಲ, ವೇಗವನ್ನು ಊಹಿಸಿಕೊಂಡು ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತಾರೆ. ಹಾಫ್ ಕಡೆ ಲೇಟ್ ಕೊಲಿಷನ್, ಫುಲ್ ಕಡೆ ಸಿಆರ್‌ಸಿ. ಪಿಂಗ್, ಅಂದರೆ ಇದ್ದೀಯಾ ಅಂತ ಕೇಳಿ ಉತ್ತರ ಪಡೆಯುವ ಪುಟ್ಟ ಸಂದೇಶ, ಚೆನ್ನಾಗಿ ಹೋಗುತ್ತದೆ, ದೊಡ್ಡ ಫೈಲ್ ಕಾಪಿ ಆಮೆಯ ಹಾಗೆ ತೆವಳುತ್ತದೆ. ಪೋರ್ಟ್‌ದೇನೂ ತಪ್ಪಿಲ್ಲ.

ಈಗ ಅದಲುಬದಲು. ನಿಮ್ಮ ಹತ್ತಿರ ನಂಬಿಕಸ್ತ ಕೇಬಲ್ ಒಂದು ಇರಬೇಕು. ಹೊಸದು ಅಂದ ಮಾತ್ರಕ್ಕೆ ನಂಬಿಕಸ್ತ ಆಗುವುದಿಲ್ಲ. ಒಳ್ಳೆಯ ಪೋರ್ಟ್‌ನಲ್ಲಿ ಗಿಗಾಬಿಟ್ ಓಡಿಸಿ, ಎರಡೂ ತುದಿಯಲ್ಲಿ ಸೊನ್ನೆ ನೋಡಿದ ಕೇಬಲ್ ಅದು. ನಾನು ಅದಕ್ಕೆ ಹಳದಿ ಟೇಪ್ ಸುತ್ತಿ ಚೀಲದಲ್ಲಿಟ್ಟಿರುತ್ತೇನೆ, ಯಾರು ಕೇಳಿದರೂ ಕೊಡುವುದಿಲ್ಲ. ಜೊತೆಗೆ ನಂಬಿಕಸ್ತ ಲ್ಯಾಪ್‌ಟಾಪ್.

ಏನನ್ನೂ ಬದಲಿಸದೆ ಇದ್ದ ಕೇಬಲನ್ನು ಇದ್ದ ಪೋರ್ಟ್‌ನಿಂದ ತೆಗೆದು ಅಲ್ಲಿಗೇ ಮತ್ತೆ ಹಾಕುವುದು ಮೊದಲ ಹೆಜ್ಜೆ. ಇದನ್ನು ಬೇರೆಯಾಗಿ ಮಾಡಿ ಅಂತ ಒತ್ತಿ ಹೇಳುತ್ತೇನೆ. ತೆಗೆದು ಹಾಕುವಾಗ ಪಿನ್ ಉಜ್ಜಿಕೊಂಡು ಮೇಲಿನ ಕೊಳೆ ಹೋಗಬಹುದು, ಸಡಿಲ ಕೂತಿದ್ದ ಪ್ಲಗ್ ಟಕ್ ಅಂತ ಸರಿಯಾಗಿ ಕೂರಬಹುದು. ಅಷ್ಟಕ್ಕೇ ತೊಂದರೆ ಹೋದರೆ, ಕೇಬಲ್ ಬದಲಿಸಿದ್ದರಿಂದ ಹೋಯಿತು, ಪೋರ್ಟ್ ಬದಲಿಸಿದ್ದರಿಂದ ಹೋಯಿತು ಅಂತ ಆಮೇಲೆ ಸುಳ್ಳು ತೀರ್ಮಾನಕ್ಕೆ ಬರುವುದು ತಪ್ಪುತ್ತದೆ. ಆ ಟಕ್ ಶಬ್ದ ಬರಲೇ ಇಲ್ಲವೇ? ಪ್ಲಗ್‌ನ ನಾಲಿಗೆ ಮುರಿದಿರುತ್ತದೆ, ಕೇಬಲ್ಲಿನ ಭಾರಕ್ಕೇ ಅದು ಕೂದಲೆಳೆಯಷ್ಟು ಹಿಂದೆ ಜಾರುತ್ತಿರುತ್ತದೆ.

ತೊಂದರೆ ಇನ್ನೂ ಇದ್ದರೆ, ಅನುಮಾನದ ಪೋರ್ಟ್‌ನಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ನಿಮ್ಮ ಕೇಬಲನ್ನು ನೇರವಾಗಿ ಹಾಕಿ. ಗೋಡೆಯ ಔಟ್‌ಲೆಟ್, ಗೋಡೆಯ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ ಯಾವುದೂ ನಡುವೆ ಬೇಡ. ಈ ಒಂದು ಹೆಜ್ಜೆಯಿಂದ ಅರ್ಧ ಜಗತ್ತು ಆಟದಿಂದ ಹೊರಗಾಗುತ್ತದೆ. ಇಲ್ಲೂ ದೋಷ ಏರಿದರೆ ಪೋರ್ಟ್ ಮೇಲೆ ಅನುಮಾನ ಬಲವಾಯಿತು. ಈಗ ಅದೇ ಕೇಬಲ್, ಅದೇ ಲ್ಯಾಪ್‌ಟಾಪ್ ಪಕ್ಕದ ಪೋರ್ಟ್‌ಗೆ. ದೋಷ ನಿಂತಿತೇ? ಮತ್ತೆ ಹಳೆಯ ಪೋರ್ಟ್‌ಗೆ. ದೋಷ ಮರಳಿತೇ? ಮರಳಿದರೆ ನಿಮ್ಮ ಹತ್ತಿರ ಪುರಾವೆ ಇದೆ. ಮರಳದಿದ್ದರೆ ಇನ್ನೂ ಹುಡುಕಬೇಕು, ನನ್ನ ರ್ಯಾಕ್ ಬಾಗಿಲಿನ ಹಾಗೆ ಎಲ್ಲೋ ಏನೋ ಅವಿತಿದೆ. ಪ್ರತಿ ಸಲವೂ ಒಂದೇ ಒಂದನ್ನು ಬದಲಿಸಿ. ಅವಸರದಲ್ಲಿ ಕೇಬಲ್ಲೂ ಪೋರ್ಟೂ ಒಟ್ಟಿಗೆ ಬದಲಿಸಿದರೆ ಸರಿಹೋಗುತ್ತದೆ ನಿಜ, ಯಾವುದರಿಂದ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಪಿಂಗ್ ಸಾಕೇ ಅಂತ ನೀವು ಕೇಳಬಹುದು. ವಿಂಡೋಸ್‌ನಲ್ಲಿ ಸುಮ್ಮನೆ ಪಿಂಗ್ ಕೊಟ್ಟರೆ 32 ಬೈಟ್‌ನ ನಾಲ್ಕು ಪ್ಯಾಕೆಟ್ ಹೋಗುತ್ತವೆ. ತಂತಿಯ ಮೇಲೆ ಅದು ಸುಮಾರು 78 ಬೈಟ್‌ನ ಫ್ರೇಮ್, 624 ಬಿಟ್. ಹತ್ತು ಲಕ್ಷ ಬಿಟ್‌ಗೆ ಒಂದು ತಪ್ಪುವ ಲಿಂಕ್ ಅಂದುಕೊಳ್ಳಿ, ಅದು ತೀರಾ ಕೆಟ್ಟ ಲಿಂಕ್. ಆದರೂ ಒಂದು ದಿಕ್ಕಿನಲ್ಲಿ ಇಂಥ 1,600 ಫ್ರೇಮ್‌ಗೆ ಒಂದು ಕಳೆಯುತ್ತದೆ. ನಾಲ್ಕು ಪಿಂಗ್‌ನಲ್ಲಿ ಏನು ಕಂಡೀತು? ಅದೇ ಲಿಂಕ್‌ನಲ್ಲಿ ಪೂರ್ಣ ಗಾತ್ರದ 1,518 ಬೈಟ್‌ನ ಫ್ರೇಮ್ ಕಳಿಸಿದರೆ ಸುಮಾರು 80ಕ್ಕೆ ಒಂದು ಕಳೆಯುತ್ತದೆ. ಹಾಗಾಗಿ ಪಿಂಗ್ ಮಾಡುವುದಾದರೆ ಗಾತ್ರ 1,472 ಕೊಡಿ, ಮುಂದೆ ಸೇರುವ ಐಪಿ ಮತ್ತು ಐಸಿಎಂಪಿ ತಲೆಬರಹದ 28 ಬೈಟ್ ಸೇರಿ 1,500 ಆಗುತ್ತದೆ, ಸಾವಿರಾರು ಕಳಿಸಿ. ಸಂಚಾರ ಓಡಿಸಿ ವೇಗ ಅಳೆಯುವ ಐಪರ್ಫ್ ತಂತ್ರಾಂಶದಲ್ಲಿ ಪೂರ್ತಿ ವೇಗ ಓಡಿಸಿದರೆ ಇನ್ನೂ ಒಳ್ಳೆಯದು. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 81,000 ದೊಡ್ಡ ಫ್ರೇಮ್‌ಗಳು ದಾಟುತ್ತವೆ, ಅಡಗಿದ್ದು ಹೊರಬರುತ್ತದೆ. ಎರಡೂ ದಿಕ್ಕಿನಲ್ಲಿ ಓಡಿಸಿ, ಕಾರಣ ಆಗಲೇ ಹೇಳಿದೆ.

ಪಿಂಗ್ ಬಗ್ಗೆ ಇನ್ನೊಂದು ಮಾತು. ಸ್ವಿಚ್‌ನ ಸ್ವಂತ ಐಪಿ ವಿಳಾಸಕ್ಕೆ ಪಿಂಗ್ ಮಾಡಿ ನಷ್ಟ ಕಂಡರೆ ಪೋರ್ಟ್ ಕೆಟ್ಟಿದೆ ಅನ್ನಬೇಡಿ. ಅದಕ್ಕೆ ಉತ್ತರಿಸುವುದು ಸ್ವಿಚ್‌ನ ಪುಟ್ಟ ಪ್ರೊಸೆಸರ್. ಅದಕ್ಕೆ ಬೇರೆ ಕೆಲಸವಿದ್ದಾಗ ಪಿಂಗ್ ಬದಿಗೆ ಸರಿಯುತ್ತದೆ. ಸ್ವಿಚ್ ಮೂಲಕ ಹಾದು ಇನ್ನೊಂದು ಯಂತ್ರಕ್ಕೆ ಹೋಗಿ ಬರಲಿ.

ಕೆಲವು ಸ್ವಿಚ್‌ಗಳಲ್ಲಿ ಕೇಬಲ್ ಪರೀಕ್ಷೆಯ ಸೌಲಭ್ಯವೇ ಇದೆ, ಟಿಡಿಆರ್ ಅನ್ನುತ್ತಾರೆ. ತಂತಿಗೆ ಒಂದು ಮಿಡಿತ ಬಿಟ್ಟು ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ತುಂಡಾದ ಜಾಗದ ದೂರ ಹೇಳುತ್ತದೆ. ಬಾವಿಗೆ ಕೂಗಿ ಆಳ ತಿಳಿದ ಹಾಗೆ. ತಾಮ್ರದಲ್ಲಿ ಸಿಗ್ನಲ್ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಭಾಗದಷ್ಟು ಓಡುತ್ತದೆ, ಅದರಿಂದ ಲೆಕ್ಕ. ಮೀಟರುಗಟ್ಟಲೆ ಆಚೀಚೆ ಆಗಬಹುದು, ಆದರೂ ಉಪಯುಕ್ತ. ನಂಬಿಕಸ್ತ ಕೇಬಲ್ ಯಾವುದನ್ನು ಹಾಕಿದರೂ ಒಂದೇ ಜೋಡಿ ಸೊನ್ನೆ ಮೀಟರಿನಲ್ಲೇ ತುಂಡು ಅಂತ ತೋರಿಸಿದರೆ ಆ ತುಂಡು ಸ್ವಿಚ್‌ನ ಒಳಗೇ ಇದೆ. ಎಚ್ಚರ, ಪರೀಕ್ಷೆ ನಡೆಯುವಾಗ ಲಿಂಕ್ ಬೀಳಬಹುದು. ಹಗಲು ಹೊತ್ತಿನಲ್ಲಿ ಮುಖ್ಯ ಲಿಂಕ್ ಮೇಲೆ ಓಡಿಸಿ ಇಡೀ ಮಹಡಿಯ ಕೆಲಸ ನಿಲ್ಲಿಸಿದವರ ಹೆಸರು ಹೇಳುವುದಿಲ್ಲ, ಅವರು ಇವತ್ತು ಇಲ್ಲೇ ಮಾತಾಡುತ್ತಿದ್ದಾರೆ.

ಕ್ಯಾಮೆರಾ, ಐಪಿ ಫೋನ್ ಥರದವು ಏಳದಿದ್ದರೆ ಡೇಟಾ ಬೇರೆ, ವಿದ್ಯುತ್ ಬೇರೆ ಅಂತ ನೆನಪಿಡಿ. ಅದೇ ಕೇಬಲ್ಲಿನಲ್ಲಿ ವಿದ್ಯುತ್ ಕಳಿಸುವುದಕ್ಕೆ ಪಿಒಇ ಅನ್ನುತ್ತಾರೆ, ಅದನ್ನು ಕೊಡುವ ಸರ್ಕ್ಯೂಟ್ ಬೇರೆಯದೇ. ಆ ಪೋರ್ಟ್‌ಗೆ ಲ್ಯಾಪ್‌ಟಾಪ್ ಹಾಕಿ. ಗಿಗಾಬಿಟ್ ಸರಿಯಾಗಿ ಓಡಿದರೆ ಕೆಟ್ಟಿರುವುದು ಪಿಒಇ ಭಾಗ ಇರಬಹುದು, ಇಲ್ಲವೇ ಸ್ವಿಚ್‌ನ ಒಟ್ಟು ವಾಟ್ ಮಿತಿ ಮುಗಿದಿರಬಹುದು. ಪಿಒಇ ಸತ್ತ ಪೋರ್ಟ್ ಮಾಮೂಲಿ ಕಂಪ್ಯೂಟರಿಗೆ ವರ್ಷಗಟ್ಟಲೆ ಬಾಳುತ್ತದೆ, ಎಸೆಯಬೇಡಿ.

ಕೌಂಟರೇ ಇಲ್ಲದ ಸಾದಾ ಸ್ವಿಚ್ ಆದರೆ ಎರಡು ತುದಿಯ ಕಂಪ್ಯೂಟರ್‌ಗಳ ಕಾರ್ಡ್‌ಗಳಲ್ಲಿರುವ ಕೌಂಟರ್‌ಗಳೇ ಗತಿ. ಅದಲುಬದಲು ಅಷ್ಟೇ ಕಟ್ಟುನಿಟ್ಟಾಗಿ ಮಾಡಿ.

ಇಷ್ಟೆಲ್ಲ ಆಗಿ ಪೋರ್ಟ್‌ದೇ ತಪ್ಪು ಅಂತ ಸಾಬೀತಾದರೆ, ಈಗ ರೀಬೂಟ್. ವಿದ್ಯುತ್ ತೆಗೆದು ಹಾಕಿದ ಮೇಲೆ ಸರಿಹೋದರೆ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು, ಫರ್ಮ್‌ವೇರ್, ಅಂದರೆ ಸ್ವಿಚ್‌ನ ಒಳಗಿನ ತಂತ್ರಾಂಶ, ನೋಡಬೇಕು. ಸರಿಹೋಗದಿದ್ದರೆ ಅದೇ ಗುಂಪಿನ ಪೋರ್ಟ್‌ಗಳನ್ನೂ, ಅಂದರೆ 17 ಕೆಟ್ಟಿದ್ದರೆ 17ರಿಂದ 24ರವರೆಗೆ, ಒಂದೊಂದಾಗಿ ಪರೀಕ್ಷಿಸಿ. ಸಿಡಿಲಿನ ಹೊಡೆತಕ್ಕೆ ಸಿಕ್ಕಿದ ಸ್ವಿಚ್ ಆದರಂತೂ ತಪ್ಪಿಸಬೇಡಿ. ಒಂದು ಪೂರ್ತಿ ಸತ್ತು ಅದೇ ಚಿಪ್‌ನ ಇನ್ನೊಂದೆರಡು ಅರೆಜೀವವಾಗಿರುವುದುಂಟು. ಬಿಸಿಯಾದ ಮೇಲಷ್ಟೇ ಕೈಕೊಡುವ ಪೋರ್ಟ್‌ಗಳೂ ಇವೆ. ಅವಕ್ಕೆ ಐಪರ್ಫ್ ಹಚ್ಚಿ ರಾತ್ರಿಯೆಲ್ಲ ಬಿಡಿ, ರ್ಯಾಕ್‌ನ ಬಾಗಿಲು ಮುಚ್ಚಿ. ಹೌದು, ಮುಚ್ಚಿಯೇ.

ಇಷ್ಟು ಪಡಿಪಾಟಲು ಯಾಕೆ, ಬೇರೆ ಪೋರ್ಟ್‌ಗೆ ಹಾಕಿದರಾಯಿತಲ್ಲ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಖಂಡಿತ ಹಾಕಿ. ಕೆಲಸ ನಿಂತವರನ್ನು ಕಾಯಿಸಬೇಡಿ, ಅವರ ಕೇಬಲ್ ಮೊದಲು ಬೇರೆ ಪೋರ್ಟ್‌ಗೆ ಹೋಗಲಿ, ಪರೀಕ್ಷೆ ಸಂಜೆ ನಡೆಯಲಿ. ಆದರೆ ಟೇಪ್ ಮೇಲೆ ಬರೀ ‘ಕೆಟ್ಟಿದೆ’ ಅಂತ ಬರೆಯಬೇಡಿ. ನೋಡಿದ್ದನ್ನು ಬರೆಯಿರಿ: ತಾರೀಖು, ‘ಹಳದಿ ಕೇಬಲ್‌ನಲ್ಲಿ 100ಕ್ಕೆ ನಿಲ್ಲುತ್ತದೆ, 18ರಲ್ಲಿ 1000, ಮರಳಿ ಹಾಕಿದರೆ ಮತ್ತೆ 100’. ವಾರಂಟಿಗೆ ಸ್ವಿಚ್ ಕಳಿಸುವಾಗ ಆ ಒಂದು ಸಾಲನ್ನೂ ಎರಡು ತುದಿಯ ಕೌಂಟರ್‌ಗಳನ್ನೂ ಹಾಗೇ ನಕಲು ಮಾಡಿ ಕೊಟ್ಟರೆ, ಇನ್ನೊಮ್ಮೆ ರೀಬೂಟ್ ಮಾಡಿ ನೋಡಿ ಅಂತ ಅವರು ಹೇಳುವುದಕ್ಕೆ ಆಸ್ಪದ ಕಡಿಮೆ. ನನ್ನ ಆ 17, 18ರ ಟೇಪ್‌ಗಳನ್ನು ಆಮೇಲೆ ನಾನೇ ಹೋಗಿ ಕಿತ್ತೆ. ಪೋರ್ಟ್‌ಗಳು ಚೆನ್ನಾಗಿಯೇ ಓಡಿದವು. ಟೇಪ್‌ನ ಅಂಟು ಹೋಗಿಸುವುದಕ್ಕೆ ಮಾತ್ರ ಅರ್ಧ ಗಂಟೆ ಹಿಡಿಯಿತು.